ಚಿತ್ರದಲ್ಲಿ ಒಬ್ಬನೇ ನಿಂತ ರಾಜ: 'ಸ್ಕಾರ್ಲೆಟ್ ಹಾರ್ಟ್' ಧಾರಾವಾಹಿಯ ಕೊನೆಗೆ ಇತಿಹಾಸ ಏನು ಹೇಳುತ್ತದೆ?

ಮೊದಲೇ ಒಂದು ಮಾತು. 'ಮೂನ್ ಲವರ್ಸ್: ಸ್ಕಾರ್ಲೆಟ್ ಹಾರ್ಟ್ ಗೊರ್ಯೊ' ಎಂಬ ಕೊರಿಯನ್ ಧಾರಾವಾಹಿಯನ್ನು ನೀವು ಇನ್ನೂ ನೋಡುತ್ತಿದ್ದರೆ, ಇಪ್ಪತ್ತನೇ ಕಂತು ಮುಗಿಸಿ ಆಮೇಲೆ ಇದನ್ನು ಓದಿ. ಕೊನೆಯಲ್ಲಿ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ. ನೋಡುವ ಯೋಚನೆಯೇ ಇಲ್ಲದವರೂ ಓದಬಹುದು. ಕಥೆಯನ್ನು ನಾವು ಸ್ವಲ್ಪದರಲ್ಲಿ ಹೇಳಿಬಿಡುತ್ತೇವೆ.

ಈ ಧಾರಾವಾಹಿ ಕೊರಿಯಾದ ಎಸ್‌ಬಿಎಸ್ ವಾಹಿನಿಯಲ್ಲಿ 2016ರ ಆಗಸ್ಟ್ 29ರಿಂದ ನವೆಂಬರ್ 1ರವರೆಗೆ ಪ್ರಸಾರವಾಯಿತು. ಹಳೆಯದಾದರೂ ಹೊಸದಾಗಿ ನೋಡುವವರು ಕಡಿಮೆಯಾಗಿಲ್ಲ. ನೋಡಿ ಮುಗಿಸಿದವರೆಲ್ಲ ಕೇಳುವ ಪ್ರಶ್ನೆಗಳೂ ಬದಲಾಗಿಲ್ಲ. ಕೊನೆಗೆ ಅವರಿಬ್ಬರೂ ಸೇರಿದರೋ ಇಲ್ಲವೋ? ಅದೆಲ್ಲ ನಿಜವಾಗಿ ನಡೆಯಿತೋ, ಅವಳು ಕಂಡ ಕನಸೋ? ಆ ಮಗು ಏನಾಯಿತು?

ನಾವೂ ಇದೇ ಪ್ರಶ್ನೆಗಳನ್ನು ಹಿಡಿದುಕೊಂಡು ವಾದ ಮಾಡಿದವರೇ. ವಾದ ಬಗೆಹರಿಯದೇ ಇದ್ದಾಗ, ಆ ರಾಜ ನಿಜವಾಗಿ ಇದ್ದನಲ್ಲ, ಅವನ ಬಗ್ಗೆ ದಾಖಲೆ ಏನು ಹೇಳುತ್ತದೆ ನೋಡೋಣ ಎಂದು ಹೊರಟೆವು. ಉತ್ತರ ಸಿಕ್ಕಿತು ಎಂದು ಹೇಳಲಾರೆವು. ಆದರೆ ಆ ಕೊನೆಯನ್ನು ಹಾಗೇಕೆ ಬಿಟ್ಟಿರಬಹುದು ಎಂಬುದು ತಿಳಿಯಿತು.

ಕೊನೆಯಲ್ಲಿ ನಡೆಯುವುದು

ಗೋ ಹಾ-ಜಿನ್ ಇಂದಿನ ಕಾಲದ ಹುಡುಗಿ. ನೀರಿಗೆ ಬಿದ್ದ ಮಗುವೊಂದನ್ನು ಉಳಿಸಲು ಹೋಗಿ ತಾನೇ ಮುಳುಗುತ್ತಾಳೆ. ಅದೇ ಹೊತ್ತಿಗೆ ಸೂರ್ಯಗ್ರಹಣ. ಕಣ್ಣು ಬಿಟ್ಟರೆ ಸಾವಿರ ವರ್ಷ ಹಿಂದಿನ ಗೊರ್ಯೊ ರಾಜ್ಯ, ಹೇ ಸೂ ಎಂಬ ಹುಡುಗಿಯ ಮೈ. ಅಲ್ಲಿ ರಾಜಕುಮಾರರ ನಡುವೆ ಸಿಂಹಾಸನಕ್ಕಾಗಿ ಕಾದಾಟ. ನಾಲ್ಕನೇ ರಾಜಕುಮಾರ ವಾಂಗ್ ಸೊ ಮುಖದ ಮೇಲಿನ ಗಾಯದ ಗುರುತನ್ನು ಮುಖವಾಡದಿಂದ ಮುಚ್ಚಿಕೊಂಡವನು. ಅವನಿಗೂ ಹೇ ಸೂಗೂ ಪ್ರೀತಿ ಬೆಳೆಯುತ್ತದೆ. ಅವನು ರಾಜನಾಗುತ್ತಾನೆ. ರಾಜನಾದ ಮೇಲೆ ಅವರ ನಡುವೆ ಒಂದೊಂದೇ ಸಾವು ಬಂದು ನಿಲ್ಲುತ್ತದೆ. ಅವಳು ಅರಮನೆ ಬಿಟ್ಟು ಹೋಗುತ್ತಾಳೆ. ಹದಿನಾಲ್ಕನೇ ರಾಜಕುಮಾರನನ್ನು ಮದುವೆಯಾಗುತ್ತಾಳೆ. ವಾಂಗ್ ಸೊನಿಂದಾದ ಮಗಳನ್ನು ಹೆತ್ತು ಸಾಯುತ್ತಾಳೆ.

ಸಾಯುವ ಮೊದಲು ಅವಳು ಅವನಿಗೆ ಕಾಗದ ಬರೆದಿರುತ್ತಾಳೆ. ಅರಮನೆಯ ಜನ ಆಡಿಕೊಳ್ಳದಿರಲಿ ಎಂದು ಆ ಕಾಗದವನ್ನು ಹದಿನಾಲ್ಕನೇ ರಾಜಕುಮಾರ ತನ್ನ ಕೈಬರಹದ ಲಕೋಟೆಯೊಳಗೆ ಇಟ್ಟು ಕಳಿಸುತ್ತಾನೆ. ತಮ್ಮನ ಕಾಗದ ಎಂದುಕೊಂಡು ರಾಜ ಅದನ್ನು ಒಡೆಯುವುದೇ ಇಲ್ಲ. ಒಡೆದು ಓದುವ ಹೊತ್ತಿಗೆ ಅವಳಿಲ್ಲ.

ಇತ್ತ ಹಾ-ಜಿನ್ ನಮ್ಮ ಕಾಲದಲ್ಲಿ ಎಚ್ಚರಗೊಳ್ಳುತ್ತಾಳೆ. ಒಂದು ದಿನ ಗೊರ್ಯೊ ಕಾಲದ ಪ್ರದರ್ಶನಕ್ಕೆ ಹೋಗುತ್ತಾಳೆ. ಅಲ್ಲಿ ರಾಜ ಗ್ವಾಂಗ್‌ಜೊಂಗ್ ಒಬ್ಬನೇ ನಿಂತಿರುವ ಚಿತ್ರವಿದೆ. ಅದರ ಮುಂದೆ ಎಲ್ಲವೂ ನೆನಪಾಗಿ ಅಳುತ್ತಾಳೆ. ಕೊನೆಯ ದೃಶ್ಯ ಮತ್ತೆ ಗೊರ್ಯೊದ್ದು. ವಾಂಗ್ ಸೊ ಒಂಟಿಯಾಗಿ ನಡೆಯುತ್ತಾನೆ. ನಾವಿಬ್ಬರೂ ಒಂದೇ ಲೋಕದವರಲ್ಲದಿದ್ದರೆ ನಾನೇ ಬಂದು ನಿನ್ನನ್ನು ಹುಡುಕುತ್ತೇನೆ ಎಂಬ ಅರ್ಥದ ಮಾತು ಕೇಳಿಸುತ್ತದೆ. ಅಷ್ಟೇ, ಮುಗಿಯಿತು.

ಈ ಕಥೆಯ ಮೂಲ ಚೀನಾದ್ದು. ತೊಂಗ್ ಹ್ವಾ ಎಂಬ ಲೇಖಕಿಯ ಕಾದಂಬರಿ ಅದು. 2011ರಲ್ಲಿ ಅಲ್ಲಿಯೂ ಧಾರಾವಾಹಿಯಾಯಿತು. ಅದರ ಕೊನೆಯಲ್ಲಿ ರಾಜನನ್ನೇ ಹೋಲುವ ಒಬ್ಬ ಅವಳ ಎದುರು ಬರುತ್ತಾನೆ, ಗುರುತು ಹಿಡಿಯದೆ ಹೋಗುತ್ತಾನೆ. ಕೊರಿಯಾದವರು ಆ ಒಬ್ಬನನ್ನೂ ತೆಗೆದುಬಿಟ್ಟರು. ಉಳಿದದ್ದು ಒಂದು ಚಿತ್ರ, ಅದರ ಮುಂದೆ ಅಳುವ ಒಬ್ಬಳು ಹುಡುಗಿ.

ಕಥೆ ಎಷ್ಟು, ಚರಿತ್ರೆ ಎಷ್ಟು?

ಗೊರ್ಯೊ ರಾಜ್ಯವನ್ನು 918ರಲ್ಲಿ ಕಟ್ಟಿದವನು ವಾಂಗ್ ಗೊನ್. 936ರಲ್ಲಿ ಅವನು ಇಡೀ ಕೊರಿಯಾ ಪರ್ಯಾಯದ್ವೀಪದ ಬಹುಭಾಗವನ್ನು ಒಂದು ಮಾಡಿದ. ಯುದ್ಧದಿಂದ ಮಾತ್ರ ಮಾಡಿದ್ದಲ್ಲ, ಮದುವೆಗಳಿಂದಲೂ ಮಾಡಿದ. ಊರೂರಿನ ಬಲಾಢ್ಯ ಮನೆತನಗಳನ್ನು ತನ್ನ ಕಡೆ ಇಟ್ಟುಕೊಳ್ಳಲು ಅವರವರ ಹೆಣ್ಣುಮಕ್ಕಳನ್ನು ತಂದುಕೊಂಡ. ಅವನಿಗೆ 29 ಹೆಂಡಿರು, 25 ಗಂಡುಮಕ್ಕಳು, 9 ಹೆಣ್ಣುಮಕ್ಕಳು.

ಒಗ್ಗೂಡಿಸಲು ಮಾಡಿದ ಮದುವೆಗಳೇ ಅವನು ಸತ್ತ ಮೇಲೆ ಒಡಕಿಗೆ ಕಾರಣವಾದವು. ಒಬ್ಬೊಬ್ಬ ರಾಜಕುಮಾರನ ಹಿಂದೆ ಒಂದೊಂದು ತಾಯಿಮನೆ, ತಾಯಿಮನೆಯ ಹಿಂದೆ ಸೈನ್ಯ. 943ರಲ್ಲಿ ಹಿರಿಯ ಮಗ ಮು ಪಟ್ಟಕ್ಕೆ ಬಂದ. ಎರಡೇ ವರ್ಷದಲ್ಲಿ ತೀರಿಕೊಂಡ. ನಂತರ ಬಂದವನು ಯೊ. 948ರಲ್ಲಿ ಅರಮನೆಯಲ್ಲಿ ಜುರ್ಚೆನ್ ಜನ ತಂದ ಕುದುರೆಗಳನ್ನು ನೋಡುತ್ತಿದ್ದಾಗ ಗುಡುಗು ಸಿಡಿಲು ಬಡಿದು ಅವನು ಬೆಚ್ಚಿಬಿದ್ದ, ಕಾಯಿಲೆ ಹಿಡಿದ ಎಂದು ದಾಖಲೆ ಹೇಳುತ್ತದೆ. ಮರುವರ್ಷ ತನ್ನ ಒಡಹುಟ್ಟಿದ ತಮ್ಮನಿಗೆ ಪಟ್ಟ ಬಿಟ್ಟುಕೊಟ್ಟು ಸತ್ತ. ಆ ತಮ್ಮನೇ ವಾಂಗ್ ಸೊ. 925ರಲ್ಲಿ ಹುಟ್ಟಿದವನು, 949ರಲ್ಲಿ ರಾಜನಾದ. ಗ್ವಾಂಗ್‌ಜೊಂಗ್ ಎಂಬುದು ಸತ್ತ ಮೇಲೆ ಕೊಟ್ಟ ಹೆಸರು.

ಮುಖದ ಗಾಯ, ಮುಖವಾಡ ಇವೆರಡೂ ಕಥೆಗಾರರ ಕೈಚಳಕ. ಆದರೆ ವಾಂಗ್ ಸೊ ಚಿಕ್ಕಂದಿನಲ್ಲಿ ಸಿಂಜು ಎಂಬಲ್ಲಿನ ಕಾಂಗ್ ಮನೆತನದ ಕೈಗೆ ಹೋಗಿ ಬೆಳೆದ ಎಂದು ಧಾರಾವಾಹಿ ತೋರಿಸುತ್ತದಲ್ಲ, ಅದಕ್ಕೆ ಬೇರು ಇದೆ. ಸಿಂಜುವಿನ ಕಾಂಗ್ ಮನೆತನದ ರಾಣಿಯೊಬ್ಬಳಿಗೆ ಹುಟ್ಟಿದ ಮಗ ಬೇಗ ಸತ್ತ, ಅವಳು ವಾಂಗ್ ಸೊನನ್ನು ಮಗನಾಗಿ ಇಟ್ಟುಕೊಂಡಳು ಎಂಬ ಒಂದು ಸಾಲು ದಾಖಲೆಯಲ್ಲಿದೆ. ಆ ಒಂದು ಸಾಲಿನಿಂದ ಕಥೆಗಾರರು ತಾಯಿ ದೂರ ಮಾಡಿದ ಮಗನ ಇಡೀ ಬಾಲ್ಯವನ್ನು ಹೆಣೆದರು.

ಹೇ ಸೂ ದಾಖಲೆಯಲ್ಲಿ ಎಲ್ಲೂ ಇಲ್ಲ. ಅವಳು ಪೂರ್ತಿ ಕಲ್ಪನೆ. ಆದರೆ ಈ ಮಾತನ್ನು ಇಲ್ಲಿಗೇ ಬಿಡುವಂತಿಲ್ಲ. ಧಾರಾವಾಹಿಯಲ್ಲಿ ಕೊನೆಗೆ ರಾಣಿಯಾಗುವ ಯೊನ್-ಹ್ವಾ ಕಲ್ಪನೆಯಲ್ಲ, ದೆಮೊಕ್ ಎಂಬ ರಾಣಿ ನಿಜವಾಗಿಯೂ ಇದ್ದಳು. ಆದರೆ ದೆಮೊಕ್ ಅವಳ ಬಿರುದು. ಅಪ್ಪ ಅಮ್ಮ ಕರೆಯುತ್ತಿದ್ದ ಹೆಸರು ದಾಖಲೆಯಲ್ಲಿಲ್ಲ. ಯೊನ್-ಹ್ವಾ ಎಂಬ ಹೆಸರು ಕಥೆಗಾರರು ಇಟ್ಟದ್ದು. ರಾಜನಿಗೆ ಈ ರಾಣಿಯಲ್ಲಿ ಇಬ್ಬರು ಗಂಡು, ಮೂವರು ಹೆಣ್ಣುಮಕ್ಕಳು. ಆ ಹೆಣ್ಣುಮಕ್ಕಳಲ್ಲಿ ಇಬ್ಬರು ನಮಗೆ ಗೊತ್ತಿರುವುದು ಅರಮನೆಯ ಹೆಸರುಗಳಿಂದ, ಮೂರನೆಯವಳು ರಾಣಿಯ ಬಿರುದಿನಿಂದ.

ರಾಣಿಗೇ ಹೆಸರಿಲ್ಲದ ಕಡೆ, ಅರಮನೆಯಲ್ಲಿ ಬಟ್ಟೆ ಒಗೆದ ಹೆಂಗಸಿಗೆ ಹೆಸರು ಎಲ್ಲಿಂದ ಬರಬೇಕು? ಹೇ ಸೂ ಕೂಡ ಕಥೆಯಲ್ಲಿ ಸ್ವಲ್ಪ ಕಾಲ ಒಗೆಯುವ ಕೆಲಸಕ್ಕೆ ತಳ್ಳಲ್ಪಟ್ಟವಳು. ಅವಳ ಜೊತೆಗಿದ್ದ ಚೇ-ರ್ಯೊಂಗ್ ಎಂಬ ದಾಸಿ ಹೊಡೆತ ತಿಂದು ಸಾಯುತ್ತಾಳೆ. ಅಂಥವರಿಗೆ ದಾಖಲೆಯಲ್ಲಿ ಜಾಗ ಇರಲಿಲ್ಲ.

ಅವಳು ಹೋದ ಮೇಲೆ ಅವನೇನು ಮಾಡಿದ?

ಧಾರಾವಾಹಿ ಮುಗಿಯುವಾಗ ರಾಜನಿಗೆ ಆಳುವ ವರ್ಷಗಳು ಇನ್ನೂ ಬಹಳ ಉಳಿದಿವೆ. ನಿಜವಾದ ಗ್ವಾಂಗ್‌ಜೊಂಗ್ 26 ವರ್ಷ ಆಳಿದ. ಆ ವರ್ಷಗಳನ್ನು ಓದಿದರೆ ಕೊನೆಯ ದೃಶ್ಯದ ಒಂಟಿತನಕ್ಕೆ ಬೇರೆಯೇ ತೂಕ ಬರುತ್ತದೆ.

950ರಲ್ಲಿ ದೊಡ್ಡ ಗಾಳಿ ಬೀಸಿ ಮರಗಳು ಬುಡಮೇಲಾದವು. ಇದಕ್ಕೆ ಪರಿಹಾರವೇನು ಎಂದು ರಾಜ ಕೇಳಿದ. ಒಳ್ಳೆಯ ನಡತೆಗಿಂತ ದೊಡ್ಡ ಪರಿಹಾರವಿಲ್ಲ ಎಂದರು ಜ್ಯೋತಿಷಿಗಳು. ಅಂದಿನಿಂದ ಅವನು ಚೀನಾದ ತಾಂಗ್ ವಂಶದ ರಾಜ ತೈಜೊಂಗ್‌ನ ಆಡಳಿತದ ಬಗೆಗಿನ ಪುಸ್ತಕವನ್ನು ಸದಾ ಓದುತ್ತಿದ್ದನಂತೆ. ಈ ತೈಜೊಂಗ್ ಯಾರು? 626ರಲ್ಲಿ ಅರಮನೆಯ ಬಾಗಿಲಲ್ಲೇ ಅಣ್ಣನನ್ನೂ ತಮ್ಮನನ್ನೂ ಕೊಂದು ಪಟ್ಟಕ್ಕೆ ಬಂದು, ಆಮೇಲೆ ಒಳ್ಳೆಯ ರಾಜ ಎನಿಸಿಕೊಂಡವನು. ವಾಂಗ್ ಸೊ ಅವನನ್ನೇ ಏಕೆ ಓದಿದ ಎಂಬುದನ್ನು ನೀವೇ ಯೋಚಿಸಿ.

ಏಳು ವರ್ಷ ಅವನು ಸುಮ್ಮನಿದ್ದ. 956ರಲ್ಲಿ ಒಂದು ಆಜ್ಞೆ ಹೊರಡಿಸಿದ. ರಾಜ್ಯದ ದಾಸರನ್ನೆಲ್ಲ ವಿಚಾರಣೆ ಮಾಡಬೇಕು, ಅನ್ಯಾಯವಾಗಿ ದಾಸರಾದವರನ್ನು ಬಿಡಬೇಕು.

ಇಲ್ಲಿ ಸ್ವಲ್ಪ ವಿವರ ಬೇಕು. ಕೊರಿಯಾದಲ್ಲಿ ದಾಸರನ್ನು ನೊಬಿ ಎನ್ನುತ್ತಿದ್ದರು. ಅವರನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು. ಅವರ ಮಕ್ಕಳೂ ದಾಸರೇ. ಗೊರ್ಯೊ ಹುಟ್ಟುವ ಮೊದಲು ಹತ್ತಾರು ವರ್ಷ ಯುದ್ಧ ನಡೆದಿತ್ತು. ಆಗ ಸೆರೆ ಸಿಕ್ಕವರು, ಸಾಲ ತೀರಿಸಲಾಗದವರು ಬಲಾಢ್ಯರ ಮನೆಗಳಲ್ಲಿ ದಾಸರಾಗಿ ಉಳಿದುಬಿಟ್ಟಿದ್ದರು. ನಿನ್ನೆಯವರೆಗೆ ಸ್ವಂತ ಹೊಲ ಉತ್ತವನು ಇವತ್ತು ಇನ್ನೊಬ್ಬರ ಹೊಲದಲ್ಲಿ ಆಳು, ಅವರ ಪರವಾಗಿ ಕತ್ತಿ ಹಿಡಿಯುವ ಸೈನಿಕ. ಅವನಿಂದ ರಾಜ್ಯಕ್ಕೆ ಕಂದಾಯವಿಲ್ಲ, ದುಡಿಮೆಯೆಲ್ಲ ಧಣಿಯದು.

ಅಂಥವರನ್ನು ಬಿಡಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಧಣಿಯ ಸೈನ್ಯ ಕರಗುತ್ತದೆ, ರಾಜ್ಯಕ್ಕೆ ಕಂದಾಯ ಕಟ್ಟುವ ರೈತ ಸಿಗುತ್ತಾನೆ. ರಾಜ ಇದನ್ನು ಕರುಣೆಯಿಂದ ಮಾಡಿದನೋ ಲೆಕ್ಕಾಚಾರದಿಂದ ಮಾಡಿದನೋ? ಲೆಕ್ಕಾಚಾರ ಇದ್ದೇ ಇತ್ತು ಎಂದು ಚರಿತ್ರೆ ಬರೆಯುವವರು ಹೇಳುತ್ತಾರೆ. ಬಿಡುಗಡೆಯಾದ ಮನುಷ್ಯನ ಕಡೆಯಿಂದ ನೋಡಿದರೆ ಆ ಪ್ರಶ್ನೆಗೆ ಅಷ್ಟು ಬೆಲೆ ಇರಲಿಲ್ಲವೇನೋ. ಅವನ ಮಗು ಇನ್ನು ಮಾರಾಟದ ವಸ್ತುವಲ್ಲ, ಅವನಿಗೆ ಅಷ್ಟು ಸಾಕು.

ಇದನ್ನು ನಿಲ್ಲಿಸಿ ಎಂದು ಬೇಡಿಕೊಂಡವಳು ದೆಮೊಕ್ ರಾಣಿ. ಇದು ಕಥೆಯಲ್ಲ, ದಾಖಲೆ. ಅವಳು ಹ್ವಾಂಗ್ಬೊ ಎಂಬ ದೊಡ್ಡ ಮನೆತನದ ಮೊಮ್ಮಗಳು. ಧಣಿಗಳ ಮನೆಗಳಿಗೆ ಏನು ಪೆಟ್ಟು ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ರಾಜ ಕೇಳಲಿಲ್ಲ ಎಂದು ಬರೆದಿದ್ದಾರೆ. ಹೆಸರೇ ಉಳಿಯದ ಆ ರಾಣಿಯ ಮಾತು ದಾಖಲೆಗೆ ಸೇರಿದ್ದು ಏಕೆಂದರೆ, ಬರೆದವರ ಮಾತೂ ಅದೇ ಆಗಿತ್ತು. ಅದನ್ನು ಮುಂದೆ ನೋಡೋಣ.

958ರಲ್ಲಿ ಇನ್ನೊಂದು ಹೆಜ್ಜೆ. ಎರಡು ವರ್ಷ ಮೊದಲು ಚೀನಾದಿಂದ ರಾಯಭಾರಿಯ ಜೊತೆ ಷ್ವಾಂಗ್ ಜಿ ಎಂಬುವನು ಬಂದಿದ್ದ. ಕಾಯಿಲೆ ಬಿದ್ದು ಹಿಂದಿರುಗಲಾಗದೆ ಇಲ್ಲೇ ಉಳಿದ. ರಾಜ ಅವನನ್ನು ಮಾತಾಡಿಸಿದ, ಮೆಚ್ಚಿದ, ಹುದ್ದೆ ಕೊಟ್ಟ. ಅವನ ಸಲಹೆಯಂತೆ ಕೊರಿಯಾದಲ್ಲಿ ಮೊದಲ ಬಾರಿಗೆ ಪರೀಕ್ಷೆ ನಡೆಸಿ ಅಧಿಕಾರಿಗಳನ್ನು ಆರಿಸುವ ಪದ್ಧತಿ ಬಂತು. ಮನೆತನ ನೋಡಿ ಕೆಲಸ ಕೊಡುತ್ತಿದ್ದ ಕಡೆ ಓದಿದವನಿಗೆ ಬಾಗಿಲು ತೆರೆಯಿತು. ಬಡವರ ಮಕ್ಕಳೆಲ್ಲ ಒಮ್ಮೆಗೇ ಅಧಿಕಾರಿಗಳಾದರು ಎಂದಲ್ಲ, ಓದಲೂ ಅನುಕೂಲ ಬೇಕಲ್ಲ. ಆದರೆ ಪರೀಕ್ಷೆ ಬರೆದು ಕೆಲಸ ಹಿಡಿಯುವುದು ಎಂಬ ಮಾತು ಕೊರಿಯಾದಲ್ಲಿ ಶುರುವಾದದ್ದು ಅಂದು. ಆ ಪದ್ಧತಿ 1894ರವರೆಗೂ ನಡೆಯಿತು.

ರಕ್ತದ ವರ್ಷಗಳು

960ರಲ್ಲಿ ಅಧಿಕಾರಿಗಳ ದರ್ಜೆಗೆ ತಕ್ಕಂತೆ ನಾಲ್ಕು ಬಣ್ಣದ ನಿಲುವಂಗಿಗಳು ಬಂದವು. ರಾಜಧಾನಿಗೆ ಚಕ್ರವರ್ತಿಯ ನಗರ ಎಂಬ ಅರ್ಥದ ಹೆಸರಿಟ್ಟ. ಅದೇ ವರ್ಷ ಇಬ್ಬರು ದೊಡ್ಡ ಮನುಷ್ಯರ ಮೇಲೆ ರಾಜದ್ರೋಹದ ದೂರು ಬಂತು. ರಾಜ ಅವರನ್ನು ಕೆಳಗಿಳಿಸಿದ. ಅಲ್ಲಿಂದ ದೂರುಗಳ ಬಾಗಿಲೇ ತೆರೆದುಕೊಂಡಿತು. ದಾಸರು ಧಣಿಗಳ ಮೇಲೆ ದೂರು ಕೊಟ್ಟರು, ಮಕ್ಕಳು ಅಪ್ಪಂದಿರ ಮೇಲೆ ಕೊಟ್ಟರು. ಸೆರೆಮನೆಗಳು ತುಂಬಿ ತಾತ್ಕಾಲಿಕ ಸೆರೆಮನೆ ಕಟ್ಟಿಸಬೇಕಾಯಿತು. ತನಗಿಂತ ಮುಂಚೆ ಆಳಿದ ಅಣ್ಣಂದಿರಿಬ್ಬರ ಮಕ್ಕಳೂ ಉಳಿಯಲಿಲ್ಲ. ಸ್ವಂತ ಮಗನನ್ನೇ ರಾಜ ಅನುಮಾನಿಸುತ್ತಿದ್ದ. ಅವನು ಸತ್ತು ಮಗ ಪಟ್ಟಕ್ಕೆ ಬಂದಾಗ ಹಳೆಯ ಮಂತ್ರಿಗಳಲ್ಲಿ ಉಳಿದವರು ನಲವತ್ತು ಚಿಲ್ಲರೆ ಜನ ಎಂದು ಬರೆದಿದ್ದಾರೆ.

ದಾಸರನ್ನು ಬಿಡಿಸಿದವನೂ ಇವನೇ, ಅಣ್ಣಂದಿರ ಮಕ್ಕಳನ್ನು ಕೊಲ್ಲಿಸಿದವನೂ ಇವನೇ. ನಮ್ಮ ವಾದದಲ್ಲಿ ಒಬ್ಬರು ವಾಂಗ್ ಸೊ ಒಳ್ಳೆಯವನು ಎಂದರೆ ಇನ್ನೊಬ್ಬರು ಕ್ರೂರಿ ಎನ್ನುತ್ತಿದ್ದರು. ದಾಖಲೆ ಎರಡನ್ನೂ ಒಂದೇ ಮನುಷ್ಯನ ಮೇಲೆ ಹೊರಿಸುತ್ತದೆ. ಎರಡನ್ನೂ ಹೊತ್ತು ನಿಂತ ಮನುಷ್ಯ ಒಂಟಿಯಾಗಿ ನಿಲ್ಲದೆ ಇನ್ನು ಹೇಗೆ ನಿಂತಾನು?

968ರ ಒಂದು ಟಿಪ್ಪಣಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಚಾಡಿ ಮಾತು ನಂಬಿ ಬಹಳ ಜನರನ್ನು ಕೊಂದ ರಾಜನಿಗೆ ಒಳಗೊಳಗೇ ಕಳವಳ ಹುಟ್ಟಿತು, ಪಾಪ ಕಳೆದುಕೊಳ್ಳಲು ಬೌದ್ಧ ಪೂಜೆಗಳನ್ನೂ ಅನ್ನದಾನವನ್ನೂ ಮಾಡಿಸಿದ ಎಂಬುದು ಅದರ ಸಾರ. ಸುಳ್ಳು ಸನ್ಯಾಸಿಗಳು ಊಟಕ್ಕಾಗಿ ಬಂದು ಮುಗಿಬಿದ್ದರಂತೆ. ಪ್ರಾಣಿವಧೆ ಬೇಡ ಎಂದು ನಿಲ್ಲಿಸಿ, ಅರಮನೆಯ ಅಡಿಗೆಗೆ ಮಾಂಸವನ್ನು ಪೇಟೆಯಿಂದ ಕೊಂಡು ತರಿಸುತ್ತಿದ್ದರಂತೆ. ಬರೆದವರು ಇದನ್ನು ಸ್ವಲ್ಪ ಗೇಲಿಯಾಗಿಯೇ ಬರೆದಿದ್ದಾರೆ. ಓದುವ ನಮಗೆ ನಗು ಬರಲಿಲ್ಲ.

975ರಲ್ಲಿ ಅವನು ತೀರಿಕೊಂಡ. ಅವನ ಸಮಾಧಿ ಇರುವುದು ಗೊರ್ಯೊದ ಹಳೆಯ ರಾಜಧಾನಿ ಕೇಸೊಂಗ್‌ನಲ್ಲಿ. ಅದು ಇಂದಿನ ಉತ್ತರ ಕೊರಿಯಾದಲ್ಲಿದೆ. ಈ ಧಾರಾವಾಹಿ ಮಾಡಿದ ದಕ್ಷಿಣ ಕೊರಿಯಾದವರೇ ಅಲ್ಲಿಗೆ ಹೋಗಿ ಒಂದು ಹೂವಿಟ್ಟು ಬರುವಂತಿಲ್ಲ. ಕೊನೆಯ ದೃಶ್ಯದಲ್ಲಿ ಹಾ-ಜಿನ್ ಸಮಾಧಿಯ ಮುಂದೆ ಅಳದೆ ಚಿತ್ರದ ಮುಂದೆ ಅಳುತ್ತಾಳೆ. ಕಥೆಗಾರರು ಏನು ಯೋಚಿಸಿದ್ದರೋ ಏನೋ, ಸಿಯೋಲ್‌ನ ಒಬ್ಬಳು ಹುಡುಗಿಗೆ ಗ್ವಾಂಗ್‌ಜೊಂಗ್‌ನ ಹತ್ತಿರ ಹೋಗಲು ಇರುವ ದಾರಿ ಪ್ರದರ್ಶನದ ಹಾಲ್ ಒಂದೇ.

ಬರೆದವರು ಯಾರು?

ಇಷ್ಟೆಲ್ಲ ನಮಗೆ ಗೊತ್ತಾದದ್ದು ಹೇಗೆ? ಮುಖ್ಯವಾಗಿ 'ಗೊರ್ಯೊಸಾ' ಎಂಬ ಗ್ರಂಥದಿಂದ. 139 ಸಂಪುಟಗಳ ಈ ಚರಿತ್ರೆ ಮುಗಿದದ್ದು 1451ರಲ್ಲಿ. ಅಂದರೆ ವಾಂಗ್ ಸೊ ಸತ್ತು 476 ವರ್ಷ ಆದ ಮೇಲೆ. ಬರೆಸಿದವರು ಗೊರ್ಯೊ ವಂಶವನ್ನು ಕೆಳಗಿಳಿಸಿ ಬಂದ ಜೊಸೊನ್ ವಂಶದವರು.

ಹಳೆಯ ದಾಖಲೆ ನೋಡಿ ಬರೆದರಲ್ಲವೇ ಎಂದು ನೀವು ಕೇಳಬಹುದು. ಆ ದಾಖಲೆಗಳ ಕಥೆ ಕೇಳಿ. 1011ರಲ್ಲಿ ಖಿತಾನ್ ಸೈನ್ಯ ರಾಜಧಾನಿಗೆ ನುಗ್ಗಿ ಅರಮನೆ ಸುಟ್ಟಿತು. ಮೊದಲ ಏಳು ರಾಜರ ಕಾಲದ ದಾಖಲೆಗಳು ಅದರಲ್ಲಿ ಹೋದವು. ವಾಂಗ್ ಸೊನ 26 ವರ್ಷಗಳೂ ಅದರಲ್ಲಿದ್ದವು. ಆಮೇಲೆ ಹ್ವಾಂಗ್ ಜು-ರ್ಯಾಂಗ್ ಎಂಬ ಅಧಿಕಾರಿ ಸಿಕ್ಕ ವಿಷಯಗಳನ್ನು ಕೂಡಿಸಿ ಏಳು ರಾಜರ ಚರಿತ್ರೆಯನ್ನು 36 ಸಂಪುಟಗಳಲ್ಲಿ ಮತ್ತೆ ಬರೆದ. ಅದೂ ಇಂದು ಇಲ್ಲ.

ಬೆಂಕಿಯಿಂದ ಉಳಿದು ಬಂದ ಮಾತುಗಳಲ್ಲಿ ದೊಡ್ಡದು ಚೊಯ್ ಸುಂಗ್-ನೊ ಎಂಬ ವಿದ್ವಾಂಸನದು. 982ರಲ್ಲಿ ಹೊಸ ರಾಜ ಸೊಂಗ್‌ಜೊಂಗ್ ಸಲಹೆ ಕೇಳಿದಾಗ ಅವನು ಹಿಂದಿನ ಐದು ರಾಜರನ್ನು ಒಬ್ಬೊಬ್ಬರಾಗಿ ತೂಗಿ ಬರೆದುಕೊಟ್ಟ. ಜೊತೆಗೆ 28 ಸಲಹೆ. ಅವುಗಳಲ್ಲೂ 22 ಮಾತ್ರ ಉಳಿದಿವೆ. ಗ್ವಾಂಗ್‌ಜೊಂಗ್‌ನ ಮೊದಲ ಎಂಟು ವರ್ಷ ಬಹಳ ಚೆನ್ನಾಗಿತ್ತು ಎಂದು ಅವನು ಹೊಗಳಿದ. ಷ್ವಾಂಗ್ ಜಿ ಬಂದ ಮೇಲೆ ಕೆಟ್ಟಿತು ಎಂದ. ಕೊನೆಯ 16 ವರ್ಷಗಳ ಕೊಲೆಗಳನ್ನು ಕಟುವಾಗಿ ಖಂಡಿಸಿದ. ದಾಸರ ವಿಚಾರಣೆಯಿಂದ ಕೀಳಾದವರು ಮೇಲಿನವರ ಮೇಲೆ ಏರಿಹೋದರು, ಅದಕ್ಕೆ ಅವಕಾಶ ಕೊಡಬಾರದು ಎಂದು ಸಲಹೆ ಕೊಟ್ಟ.

ಈಗ ಧಾರಾವಾಹಿ ನೋಡಿದವರು ಸ್ವಲ್ಪ ಗಮನವಿಟ್ಟು ಓದಿ. ಈ ತೀರ್ಪನ್ನು ಕೇಳಿಸಿಕೊಂಡ ರಾಜ ಸೊಂಗ್‌ಜೊಂಗ್ ಯಾರು? ಎಂಟನೇ ರಾಜಕುಮಾರ ವಾಂಗ್ ವೂಕ್‌ನ ಮಗ. ಹೌದು, ಹೇ ಸೂವನ್ನು ಮೊದಲು ಪ್ರೀತಿಸಿದ, ವಾಂಗ್ ಸೊನ ಎದುರಾಳಿಯಾದ ಅದೇ ವಾಂಗ್ ವೂಕ್. ದೆಮೊಕ್ ರಾಣಿ ಅವನ ಒಡಹುಟ್ಟಿದವಳು. ವಾಂಗ್ ಸೊನ ಬಗ್ಗೆ ನಾವು ಇಂದು ಓದುವ ತೀರ್ಪು ಅವನ ಎದುರಾಳಿಯ ಮಗನಿಗಾಗಿ ಬರೆದದ್ದು. ಆ ಸೊಂಗ್‌ಜೊಂಗ್ ಮದುವೆಯಾದದ್ದು ವಾಂಗ್ ಸೊನ ಮಗಳನ್ನೇ. ಇಂಥ ತಿರುವನ್ನು ಧಾರಾವಾಹಿಯವರು ಬರೆದಿದ್ದರೆ, ಇದು ಅತಿಯಾಯಿತು ಎಂದು ನಾವೇ ಹೇಳುತ್ತಿದ್ದೆವು.

ಚೊಯ್ ಸುಂಗ್-ನೊ ಸುಳ್ಳು ಬರೆದ ಎಂದು ನಾವು ಹೇಳುತ್ತಿಲ್ಲ. ಕೊಲೆಗಳು ನಡೆದಿವೆ. ಆದರೆ ಬರೆಯಲು ಬಲ್ಲವರು ಧಣಿಗಳ ಕಡೆಯವರಾಗಿದ್ದರು. ಧಣಿಯ ಮನೆಯಲ್ಲಿ ಬಿದ್ದ ಹೆಣ ಎಣಿಕೆಗೆ ಸಿಕ್ಕಿತು. ಧಣಿಯ ಮನೆಯಿಂದ ಬಿಡುಗಡೆಯಾಗಿ ಹೊರಟ ದಾಸ ಅವರ ಬರಹದಲ್ಲಿ ಅವಿಧೇಯತೆ ಮಾತ್ರ ಆದ.

ಇದರ ಫಲ ಕಾಗದದ ಮೇಲಷ್ಟೇ ಉಳಿಯಲಿಲ್ಲ. 987ರಲ್ಲಿ ಹೊಸ ಆಜ್ಞೆ ಬಂತು. ಬಿಡುಗಡೆಯಾದ ದಾಸ ಹಳೆಯ ಧಣಿಗೆ ಮರ್ಯಾದೆ ಕೊಡದಿದ್ದರೆ ಅವನನ್ನು ಮತ್ತೆ ದಾಸನನ್ನಾಗಿ ಮಾಡಬಹುದು. ಮರ್ಯಾದೆ ಕೊಟ್ಟನೋ ಇಲ್ಲವೋ ಎಂದು ಹೇಳುವವನು ಯಾರು? ಧಣಿಯೇ. 956ರಲ್ಲಿ ಹೊರಟವನ ಮಗಳು 987ರಲ್ಲಿ ಮತ್ತೆ ಅದೇ ಅಂಗಳಕ್ಕೆ ಕಸ ಗುಡಿಸಲು ಬಂದಿರಬಹುದು. ಅವಳ ಕಥೆಯನ್ನು ಯಾರೂ ಬರೆಯಲಿಲ್ಲ.

ಕನಸು ಬಲ್ಲವನು

ಇನ್ನು ಅದು ಕನಸೋ ನಿಜವೋ ಎಂಬ ಪ್ರಶ್ನೆ. ಇದಕ್ಕೆ ಧಾರಾವಾಹಿಯವರು ಒಂದು ಸುಳಿವು ಬಿಟ್ಟಿದ್ದಾರೆ. ಗೊರ್ಯೊ ಅರಮನೆಯಲ್ಲಿ ನಕ್ಷತ್ರ ನೋಡುವ ಚೊಯ್ ಜಿ-ಮೊಂಗ್ ಇದ್ದಾನಲ್ಲ, ಅದೇ ನಟ ಇಂದಿನ ಕಾಲದ ದೃಶ್ಯಗಳಲ್ಲೂ ಕಾಣಿಸಿಕೊಳ್ಳುತ್ತಾನೆ. ಹಾಗಾಗಿ ಅವನು ಎರಡೂ ಕಾಲಗಳನ್ನು ಬಲ್ಲವನು ಎಂದು ಬಹಳ ಜನ ಊಹಿಸುತ್ತಾರೆ.

ಈ ಜಿ-ಮೊಂಗ್ ನಿಜವಾಗಿ ಇದ್ದ. 907ರಲ್ಲಿ ಹುಟ್ಟಿ 987ರಲ್ಲಿ ಸತ್ತ. ವಾಂಗ್ ಗೊನ್ ಕಂಡ ಕನಸಿಗೆ ಹದಿನೆಂಟರ ವಯಸ್ಸಿನಲ್ಲಿ ಅರ್ಥ ಹೇಳಿದ, ನೀನು ನಾಡನ್ನು ಒಂದು ಮಾಡುತ್ತೀಯ ಎಂದ. ಮೆಚ್ಚಿದ ರಾಜ ಅವನ ಹೆಸರನ್ನೇ ಬದಲಿಸಿದ. ಜಿ-ಮೊಂಗ್ ಎಂದರೆ ಕನಸನ್ನು ಬಲ್ಲವನು. ವಾಂಗ್ ಸೊನ ಕಾಲದಲ್ಲಿ ಒಮ್ಮೆ ರಾಜನ ಜೊತೆ ದೇಗುಲಕ್ಕೆ ಹೋದಾಗ ಕುಡಿದು ಮರ್ಯಾದೆ ತಪ್ಪಿದ ಎಂದು ಅವನನ್ನು ದೂರದ ಊರಿಗೆ ಅಟ್ಟಿದರು. ಹನ್ನೊಂದು ವರ್ಷ ಅಲ್ಲೇ ಇದ್ದ. ಮರಳಿ ಕರೆಸಿಕೊಂಡವನು ವಾಂಗ್ ಸೊನ ಮಗ. ಅಂದರೆ ವಾಂಗ್ ಸೊ ಸಾಯುವಾಗ ಕನಸು ಬಲ್ಲವನೂ ಅವನ ಬಳಿ ಇರಲಿಲ್ಲ.

ಕನಸು ಬಲ್ಲವನನ್ನೇ ಇಂದಿನ ಕಾಲಕ್ಕೂ ತಂದು ನಿಲ್ಲಿಸಿದ್ದರಿಂದ, ನಡೆದದ್ದು ಬರೀ ಕನಸಲ್ಲ ಎಂಬ ಕಡೆಗೆ ಕಥೆ ವಾಲುತ್ತದೆ ಎಂದು ನಮಗೆ ಅನಿಸುತ್ತದೆ. ಆದರೆ ಅವನು ಬಾಯಿ ಬಿಡುವುದಿಲ್ಲ. ಬಿಟ್ಟಿದ್ದರೆ ಹಾ-ಜಿನ್ ಅಳುವುದಕ್ಕೆ ಕಾರಣ ಇರುತ್ತಿರಲಿಲ್ಲ.

ಹಾಗಾದರೆ ಸೇರಿದರೋ ಇಲ್ಲವೋ?

ಸೇರಿದ ದೃಶ್ಯ ಇಲ್ಲ. ಮಗುವಿನ ಮುಂದಿನ ಕಥೆಯೂ ಇಲ್ಲ. ರಾಜ ಆ ಮಗುವನ್ನು ನೋಡುತ್ತಾನೆ, ಅರಮನೆಗೆ ಕರೆತರುವುದಿಲ್ಲ. ಚರಿತ್ರೆಯ ಲೆಕ್ಕದಲ್ಲಿ ಅವನಿಗೆ ಮೂವರೇ ಹೆಣ್ಣುಮಕ್ಕಳು. ನಾಲ್ಕನೆಯವಳು ಲೆಕ್ಕಕ್ಕೆ ಸೇರಲಿಲ್ಲ ಎಂದು ಕಥೆ ಹೇಳುತ್ತದೆ. ಲೆಕ್ಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ಬದುಕಿರಲಿಲ್ಲ ಎಂದಾಗುವುದಿಲ್ಲ. ಅರಮನೆಯ ಲೆಕ್ಕದಿಂದ ಹೊರಗೆ ಬೆಳೆದದ್ದೇ ಆ ಮಗುವಿನ ಪುಣ್ಯ ಎಂದು ನಮ್ಮಲ್ಲಿ ಕೆಲವರ ವಾದ. ರಾಜನ ಮಗನೇ ಅನುಮಾನದ ನಡುವೆ ಬೆಳೆದದ್ದನ್ನು ಓದಿದ ಮೇಲೆ ಉಳಿದವರೂ ಒಪ್ಪಿದೆವು.

ಆ ಕೊನೆಯನ್ನು ನಾವು ಹೀಗೆ ಅರ್ಥಮಾಡಿಕೊಂಡೆವು. ಪ್ರದರ್ಶನಕ್ಕೆ ಬಂದ ಉಳಿದವರಿಗೆ ಆ ಚಿತ್ರ ಒಬ್ಬ ರಾಜನ ಚಿತ್ರ. ಕೆಳಗೆ ಇಂತಿಷ್ಟು ವರ್ಷ ಆಳಿದ, ದಾಸರನ್ನು ಬಿಡಿಸಿದ, ಬಹಳ ಜನರನ್ನು ಕೊಂದ ಎಂದು ಬರೆದಿದ್ದರೆ ಓದಿಕೊಂಡು ಮುಂದೆ ಹೋಗುತ್ತಾರೆ. ಹಾ-ಜಿನ್‌ಗೆ ಮಾತ್ರ ಆ ಚಿತ್ರದಲ್ಲಿ ಯಾರು ಇಲ್ಲ ಎಂಬುದು ಕಾಣುತ್ತದೆ. ಅವನ ಪಕ್ಕದ ಖಾಲಿ ಜಾಗ ಯಾರದು ಎಂದು ಗೊತ್ತಿರುವವಳು ಅವಳೊಬ್ಬಳೇ. ಅವನೇ ಬಂದು ಹುಡುಕಬೇಕಾಗಿಲ್ಲ, ಅವಳು ಅವನನ್ನು ಓದಿದಳಲ್ಲ, ಭೇಟಿ ಅಲ್ಲಿಗೆ ಆಯಿತು. ಒಡೆಯದೆ ಬಿದ್ದಿದ್ದ ಅವಳ ಕಾಗದವನ್ನು ಅವನು ತಡವಾಗಿ ಓದಿದ. ಸಾವಿರ ವರ್ಷ ಬಿದ್ದಿದ್ದ ಅವನ ಚಿತ್ರವನ್ನು ಅವಳು ತಡವಾಗಿ ಓದಿದಳು. ಇಬ್ಬರಿಗೂ ಸಿಕ್ಕಿದ್ದು ಅಷ್ಟೇ. ನಿಮಗೆ ಬೇರೆ ರೀತಿ ಅನಿಸಿದರೆ ಅದೂ ಸರಿಯೇ, ಕಥೆಯವರು ಬಾಗಿಲು ಹಾಕಿಲ್ಲ.

ನಾವು ಸುದ್ದಿ ಬರೆಯುವುದನ್ನು ಕಲಿತವರು. ಊರಿನ ಜಾತ್ರೆಯ ಫೋಟೊ ತೆಗೆದು ಹೆಸರು ಬರೆಯುವಾಗ ಮುಂದಿನ ಸಾಲಿನವರ ಹೆಸರು ಕೇಳಿ ಬರೆದುಕೊಳ್ಳುತ್ತೇವೆ, ಹಿಂದೆ ನಿಂತವರನ್ನು 'ಮತ್ತಿತರರು' ಎಂದು ಮುಗಿಸುತ್ತೇವೆ. ಗೊರ್ಯೊದ ಬರಹಗಾರರು ಮಾಡಿದ್ದೂ ಅದನ್ನೇ. ಅವರ ಬರಹದಲ್ಲಿ ಒಬ್ಬ ರಾಜ ಉಳಿದ, ನಲವತ್ತು ಚಿಲ್ಲರೆ ಮಂತ್ರಿಗಳು ಉಳಿದರು, ಬಿಡುಗಡೆಯಾಗಿ ಮತ್ತೆ ದಾಸರಾದವರು 'ಮತ್ತಿತರರು' ಆದರು. ಈ ಧಾರಾವಾಹಿ ನೋಡಿದ ಮೇಲೆ ನಾವು ಒಂದು ತೀರ್ಮಾನ ಮಾಡಿಕೊಂಡಿದ್ದೇವೆ. ಮುಂದಿನ ಸಲ ಹಿಂದಿನ ಸಾಲಿನವರ ಹೆಸರನ್ನೂ ಕೇಳಿ ಬರೆದುಕೊಳ್ಳುತ್ತೇವೆ.